ಲೋಂಡಾ ಎಂಬ ತಿರುವು: ಖಾನಾಪುರ ಸೀಮೆಯಲ್ಲಿ ಮೂರು ದಿನದ ರೈಲು ಹಾದಿ

ಧಾರವಾಡದಲ್ಲಿ ಬೆಳಗಾವಿ ಬಸ್ಸು ಹತ್ತಿದರೆ ಅದು ಕಿತ್ತೂರು ದಾಟಿ ನೆಟ್ಟಗೆ ಹೋಗಿ ಮುಟ್ಟಿಸುತ್ತದೆ. ಅದೇ ರೈಲು ಹತ್ತಿದರೆ ಗಾಡಿ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ಅಳ್ನಾವರದ ಕಾಡಿನೊಳಗೆ ನುಗ್ಗುತ್ತದೆ, ಗೋವಾಕ್ಕೇ ಹೊರಟಿತೇನೋ ಅನ್ನುವ ಹಾಗೆ. ಎಪ್ಪತ್ತು ಕಿ.ಮೀ. ಓಡಿದ ಮೇಲೆ ಲೋಂಡಾದಲ್ಲಿ ಉತ್ತರಕ್ಕೆ ಹೊರಳಿ, ಮತ್ತೆ ಐವತ್ತು ಕಿ.ಮೀ. ನಡೆದು ಬೆಳಗಾವಿ ಸೇರುತ್ತದೆ. ಒಟ್ಟು 121 ಕಿ.ಮೀ. ತ್ರಿಕೋನದ ಒಂದು ಬದಿಯಲ್ಲಿ ಮುಗಿಯಬೇಕಾದ ದಾರಿಯನ್ನು ಎರಡು ಬದಿ ಸುತ್ತಿ ಹೋಗುವ ಈ ಚಾಳಿ 1880ರ ದಶಕದಿಂದ ಬಂದದ್ದು. ಆ ತಿರುವಿನ ಮೂಲೆಯಲ್ಲಿ ಹುಟ್ಟಿದ ಊರು ಲೋಂಡಾ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಈ ಸಣ್ಣ ಊರಿಗೆ ಕೋಟೆಯ ಇತಿಹಾಸವಿಲ್ಲ, ಪೇಟೆಯ ಇತಿಹಾಸವೂ ದೊಡ್ಡದಲ್ಲ. ಇರುವುದೆಲ್ಲ ಹಳಿಯ ಇತಿಹಾಸ. ಅದನ್ನು ನೆಲದ ಮೇಲೆ ಓದಲು ಮೂರು ದಿನ ಸಾಕು.

ಹೋಗುವುದಾದರೆ ನವೆಂಬರ್ ನಡುವಿನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಈ ಸೀಮೆ ನೋಡಲು ಚೆಂದ, ಸುಳ್ಳಲ್ಲ. ಆದರೆ ಹುಲ್ಲು ಎದೆಮಟ್ಟ ಬೆಳೆದು ಹಳೆಯ ಪಾಯ, ಕಟ್ಟೆ, ಕಂಬ ಎಲ್ಲ ಮುಚ್ಚಿಹೋಗಿರುತ್ತವೆ. ಕಾಲಿಗೆ ಇಂಬಳ ಬೇರೆ. ಚೀಲದಲ್ಲಿ ಐದು ಮೀಟರಿನ ಟೇಪು, ಸೀಮೆಸುಣ್ಣದ ಎರಡು ತುಂಡು, ಸಣ್ಣ ಟಾರ್ಚು, ಎರಡು ಲೀಟರ್ ನೀರು ಇರಲಿ. ಇವುಗಳ ಉಪಯೋಗ ಮುಂದೆ ಬರುತ್ತದೆ. ಅದಕ್ಕೂ ಮೊದಲು ಒಂದು ಮಾತು: ಇಲ್ಲಿ ಹೇಳಿದ ಯಾವುದನ್ನೂ ಓಡುವ ಹಳಿಯ ಮೇಲೆ ಇಳಿದು ನೋಡಬೇಕಿಲ್ಲ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪ್ಪಣೆಯಿಲ್ಲದೆ ಹಳಿ ಮೇಲೆ ನಡೆಯುವುದು ಅಪರಾಧ. ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆಯ ಮಾತು ಬಿಟ್ಟರೂ, ಎರಡು ಹಳಿಜೋಡಿ ಇರುವಲ್ಲಿ ಒಂದು ಗಾಡಿಯ ಸದ್ದಿನಲ್ಲಿ ಇನ್ನೊಂದು ಗಾಡಿ ಕೇಳಿಸುವುದಿಲ್ಲ. ಪ್ಲಾಟ್‌ಫಾರ್ಮು, ಪಾದಚಾರಿ ಸೇತುವೆ, ರಸ್ತೆ, ಗೇಟು, ಇಷ್ಟರಿಂದಲೇ ಬೇಕಾದಷ್ಟು ಕಾಣುತ್ತದೆ.

ಮೊದಲ ದಿನ: ಹುಬ್ಬಳ್ಳಿಯಿಂದ ಲೋಂಡಾ

ಹುಬ್ಬಳ್ಳಿಯಿಂದ ಬೆಳಗಿನ ಗಾಡಿ ಹಿಡಿದರೆ ಸುಮಾರು ಎರಡು ತಾಸಿನಲ್ಲಿ ಲೋಂಡಾ ಬರುತ್ತದೆ. ದೂರ ಸುಮಾರು 90 ಕಿ.ಮೀ. ಕಿಟಕಿ ಪಕ್ಕ ಕುಳಿತು ನೆಲದ ಬಣ್ಣ ನೋಡುತ್ತಿರಿ. ಧಾರವಾಡದವರೆಗೂ ಆಗಾಗ ಕಾಣುವ ಎರೆಮಣ್ಣು ಅಳ್ನಾವರ ಸಮೀಪಿಸಿದಂತೆ ಪೂರ್ತಿ ಮರೆಯಾಗಿ ಕೆಮ್ಮಣ್ಣು, ಜಂಬಿಟ್ಟಿಗೆಯ ಕಲ್ಲು ಬರುತ್ತವೆ. ಅಳ್ನಾವರದಿಂದ ಮುಂದೆ ತಾವರಗಟ್ಟಿ, ನಾಗರಗಾಳಿಯಂಥ ಕಾಡಿನ ಸ್ಟೇಷನ್ನುಗಳು. ಅಳ್ನಾವರದಲ್ಲೇ ದಾಂಡೇಲಿ ಕಡೆಯ ಕವಲು ಒಡೆಯುತ್ತದೆ. ಮರ, ಬಿದಿರು, ಆಮೇಲೆ ಕಾಗದ ಆ ಕವಲಿನ ಸರಕು. ಅದು ಬೇರೆಯೇ ಒಂದು ಪ್ರವಾಸದ ವಿಷಯ.

ಈ ಹಾದಿ ಹಾಕಿದ ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. 1876ರಿಂದ 78ರವರೆಗಿನ ಘೋರ ಬರದ ನಂತರ, ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತರೆಂಬ ಕಾರಣಕ್ಕೆ, ಸರ್ಕಾರ 'ಬರ ನಿವಾರಣೆಯ ಹಾದಿ'ಗಳನ್ನು ಹಾಕಿಸತೊಡಗಿತು. ಕಂಪನಿಯ ಮೊದಲ ಕೆಲಸ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಹಾಯುವ ಹೊಟಗಿ–ಗದಗ ಹಾದಿ. ಅದು 1884ರಲ್ಲಿ ತೆರೆಯಿತು. ಖರ್ಚು ಕಡಿಮೆಯಾಗಲೆಂದು ಹಾಕಿದ್ದು ಮೀಟರ್‌ಗೇಜು, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರದ ಹಾದಿ. ಬರದ ಹಾದಿ ಸರಿ, ಆದರೆ ಹತ್ತಿ ಮತ್ತು ಕಾಳು ಹಡಗು ಸೇರದೆ ಕಂಪನಿಗೆ ಲಾಭವೆಲ್ಲಿ? ಸೊಲ್ಲಾಪುರದ ಬಳಿಯ ಹೊಟಗಿಯಲ್ಲಿ ಅದಕ್ಕಿಂತ ಅಗಲದ ಬ್ರಾಡ್‌ಗೇಜು ಎದುರಾಗಿ ಪ್ರತಿಯೊಂದು ಚೀಲವನ್ನೂ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಇಳಿಸುವಾಗ ಚೀಲ ಹರಿಯುತ್ತದೆ, ಮಳೆಗೆ ನೆನೆಯುತ್ತದೆ, ಒಂದು ಗೇಜಿನ ವ್ಯಾಗನ್ನು ಬಂದಾಗ ಇನ್ನೊಂದು ಗೇಜಿನದು ಇರುವುದಿಲ್ಲ. ಗೇಜು ಬದಲದೆ ಸಮುದ್ರ ಮುಟ್ಟುವ ದಾರಿ ಒಂದೇ: ಪೋರ್ಚುಗೀಸರ ಮುರ್ಮಗೋವಾ ಬಂದರು. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದ ಅದಕ್ಕೆ ಬಾಗಿಲು ತೆರೆದಿತ್ತು. ಗೋವಾ ಒಳಗಿನ ಹಾದಿಯನ್ನು ಬೇರೊಂದು ಕಂಪನಿ ಅದೇ ಮೀಟರ್‌ಗೇಜಿನಲ್ಲಿ ಹಾಕಿತು. 1888ರಲ್ಲಿ ಘಟ್ಟದ ಹಾದಿ ತೆರೆದು ಎರಡೂ ಕೂಡಿದವು. ಬೆಳಗಾವಿ, ಮಿರಜ್ ಮೇಲೆ ಪುಣೆಗೆ ಹೋಗುವ ಹಾದಿ 1890ರ ಹೊತ್ತಿಗೆ ಮುಗಿಯಿತು.

ಧಾರವಾಡ–ಬೆಳಗಾವಿ ನೆಟ್ಟ ಹಾದಿ ಯಾಕಿಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಕಂಪನಿಯ ಕಣ್ಣು ಬಂದರಿನ ಮೇಲಿತ್ತು. ಬಂದರಿಗೆ ಹೋಗುವ ಹಾದಿಯೇ ಕಾಂಡ, ಬೆಳಗಾವಿಯದು ಅದರಿಂದ ಒಡೆದ ಟೊಂಗೆ. ಟೊಂಗೆ ಒಡೆಯಬೇಕಾದದ್ದು ಘಟ್ಟ ಇಳಿಯುವ ಮೊದಲು. ಆ ಜಾಗವೇ ಲೋಂಡಾ.

ಇಳಿದ ಕೂಡಲೇ ಊರೊಳಗೆ ಹೋಗಬೇಡಿ. ಪಾದಚಾರಿ ಸೇತುವೆ ಹತ್ತಿ ಅರ್ಧ ಗಂಟೆ ನಿಲ್ಲಿ. ಮೂರು ದಿಕ್ಕಿನ ಹಾದಿ, ಹುಬ್ಬಳ್ಳಿಯದು, ಬೆಳಗಾವಿಯದು, ಕ್ಯಾಸಲ್‌ರಾಕಿನದು, ಹೇಗೆ ಒಂದು ಯಾರ್ಡಿಗೆ ಬಂದು ಸೇರುತ್ತವೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಳ್ಳಿ. ಊರಿನ ಗಾತ್ರಕ್ಕೂ ಯಾರ್ಡಿನ ಗಾತ್ರಕ್ಕೂ ಹೊಂದಿಕೆಯೇ ಇಲ್ಲ. ಈ ಹೊಂದಿಕೆಯಿಲ್ಲದಿರುವುದೇ ರೈಲ್ವೆ ಊರಿನ ಮೊದಲ ಗುರುತು. ಸ್ಟೇಷನ್ನಿನ ಹಳದಿ ಬೋರ್ಡಿಗೆ ಈವರೆಗೆ ಐದು ಯಜಮಾನರಾಗಿದ್ದಾರೆ: ಸದರ್ನ್ ಮರಾಠಾ, 1908ರಲ್ಲಿ ಅದು ಮದ್ರಾಸ್ ರೈಲ್ವೆ ಜತೆ ಸೇರಿ ಆದ ಮದ್ರಾಸ್ ಮತ್ತು ಸದರ್ನ್ ಮರಾಠಾ, ಹಳಬರ ಬಾಯಲ್ಲಿ 'ಎಂಎಸ್ಸೆಂ', 1951ರ ದಕ್ಷಿಣ ರೈಲ್ವೆ, 1966ರ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ.

ಇಷ್ಟು ದೊಡ್ಡ ಯಾರ್ಡು ಯಾಕೆ ಬೇಕಿತ್ತು? ಉಗಿ ಎಂಜಿನ್ನಿನ ಹೊಟ್ಟೆ ಅರ್ಥವಾದರೆ ಯಾರ್ಡು ಅರ್ಥವಾಗುತ್ತದೆ. ಮೀಟರ್‌ಗೇಜಿನ ದೊಡ್ಡ ಎಂಜಿನ್ನುಗಳಾದ ವೈಪಿ, ವೈಜಿಗಳ ಟೆಂಡರಿನಲ್ಲಿ (ಎಂಜಿನ್ನಿನ ಹಿಂದೆ ನೀರು, ಕಲ್ಲಿದ್ದಲು ಹೊರುವ ಬಂಡಿ) ಸುಮಾರು 13 ಸಾವಿರ ಲೀಟರ್ ನೀರು ಹಿಡಿಸುತ್ತಿತ್ತು. ಭಾರದ ಗಾಡಿ ಎಳೆಯುವಾಗ ನೂರು ಕಿ.ಮೀ. ಓಡುವ ಮೊದಲೇ ಅದು ಬರಿದು. ಏರಿನಲ್ಲಿ ಇನ್ನೂ ಬೇಗ. ಹಾಗಾಗಿ ಜಂಕ್ಷನ್ನಿನಲ್ಲಿ ಎತ್ತರದ ನೀರಿನ ತೊಟ್ಟಿ, ಹಳಿ ನಡುವೆ ಸೊಂಡಿಲು ತಿರುಗಿಸುವ ನೀರುಕಂಬ, ಬೂದಿ ಕೆಡವುವ ಗುಂಡಿ ಮೂರೂ ಬೇಕು. ಕಲ್ಲಿದ್ದಲು ಕಳಪೆಯಾದರೆ ಬೂದಿ ಕರಗಿ ಗಟ್ಟಿಯಾಗಿ ಬೆಂಕಿಯಡಿಯ ಜಾಲರಿಗೆ ಅಂಟಿಕೊಳ್ಳುತ್ತದೆ. ಅದನ್ನು ಕಿತ್ತು ಬೆಂಕಿ ಹದ ಮಾಡದಿದ್ದರೆ ಗಾಳಿ ಆಡುವುದಿಲ್ಲ, ಉಗಿ ಏಳುವುದಿಲ್ಲ, ಗಾಡಿ ಏರಿನ ನಡುವೆ ನಿಲ್ಲುತ್ತದೆ. ಇದಕ್ಕೆ ಹೊತ್ತು ಬೇಕು. ಹೊತ್ತು ಹಿಡಿಯುವ ಕಡೆ ಜನ ಬೇಕು, ಜನಕ್ಕೆ ಕ್ವಾರ್ಟರ್ಸು, ಡ್ರೈವರು–ಗಾರ್ಡುಗಳಿಗೆ ತಂಗಲು ರನ್ನಿಂಗ್ ರೂಮು, ಚಹಾದಂಗಡಿ, ಕಿರಾಣಿ. ಡೀಸೆಲ್ ಬಂದ ಮೇಲೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚಿತು.

ಮಧ್ಯಾಹ್ನ ಟೇಪು ಹೊರತೆಗೆಯಿರಿ. ಹಳೆಯ ರೈಲ್ವೆ ಕಾಲನಿಗಳಲ್ಲಿ ತುಂಡು ಹಳಿಗಳು ಬೇಲಿಗೂಟವಾಗಿ, ದೀಪದ ಕಂಬವಾಗಿ, ಗಟಾರದ ಮೇಲಿನ ತೊಲೆಯಾಗಿ ನಿಂತಿರುವುದು ಎಲ್ಲೆಡೆ ಸಾಮಾನ್ಯ. ಹಳಿಯ ಎತ್ತರ ಅಳೆದರೆ ಜಾತಿ ಸಿಗುತ್ತದೆ. 114 ಮಿ.ಮೀ. ಇದ್ದರೆ ಗಜಕ್ಕೆ 60 ಪೌಂಡಿನದು, ಮೀಟರ್‌ಗೇಜಿನ ಹಳೆಯ ಹುಲಿ. 129 ಇದ್ದರೆ 75 ಪೌಂಡಿನದು. 143 ಇದ್ದರೆ 90 ಪೌಂಡಿನದು. 156 ಇದ್ದರೆ ಮೀಟರಿಗೆ 52 ಕೆ.ಜಿ. ತೂಗುವ ಬ್ರಾಡ್‌ಗೇಜಿನ ಹಳಿ, 172 ಇದ್ದರೆ ಈಗಿನ 60 ಕೆ.ಜಿ.ಯದು. ಪೌಂಡಿನ ಲೆಕ್ಕವನ್ನು ಅರ್ಧ ಮಾಡಿದರೆ ಹೆಚ್ಚುಕಡಿಮೆ ಮೀಟರಿಗೆ ಎಷ್ಟು ಕೆ.ಜಿ. ಎಂಬುದು ಬರುತ್ತದೆ. ಹೂತಿರುವ ಗೂಟದಲ್ಲಿ ಎತ್ತರ ಎಂದರೆ ಅಗಲದ ಪಾದದಿಂದ ತಲೆಯವರೆಗಿನ ಅಡ್ಡಳತೆ, ಇದನ್ನು ಮರೆತು ಗೂಟದ ಉದ್ದ ಅಳೆಯುವವರಿದ್ದಾರೆ.

ಹಳಿಯ ನಡುವಿನ ತೆಳು ಭಾಗದಲ್ಲಿ ಉಬ್ಬಕ್ಷರ ಇರುತ್ತದೆ: ಕಾರ್ಖಾನೆಯ ಹೆಸರು, ತೂಕ, ವರ್ಷ, ಕೆಲವು ಸಲ ತರಿಸಿಕೊಂಡ ಕಂಪನಿಯ ಮೊದಲಕ್ಷರ. ಹಳೆಯವುಗಳಲ್ಲಿ ತಿಂಗಳನ್ನು ಅಂಕಿಯ ಬದಲು ಗೀಟುಗಳಲ್ಲಿ ಎಣಿಸಿ ಹಾಕಿರುವುದೂ ಉಂಟು. ತುಕ್ಕು ತಿಂದಿದ್ದರೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಇಲ್ಲಿ ಒಂದು ದೊಡ್ಡ ತಪ್ಪು ಆಗುವುದುಂಟು. ಹಳಿಯ ಮೇಲಿನ ವರ್ಷವನ್ನು ಹಾದಿಯ ವರ್ಷವೆಂದು ತಿಳಿಯುವುದು. ಹಳಿ ಒಂದೇ ಕಡೆ ಬಾಳುವುದಿಲ್ಲ. ಮುಖ್ಯ ಹಾದಿಯಲ್ಲಿ ತಲೆ ಸವೆದ ಮೇಲೆ ಅದನ್ನು ಕಿತ್ತು ಕವಲಿಗೆ, ಅಲ್ಲಿಂದ ಯಾರ್ಡಿನ ಸೈಡಿಂಗಿಗೆ (ಪಕ್ಕದ ಹಳಿಗೆ), ಕೊನೆಗೆ ಬೇಲಿಗೆ ಹಾಕುತ್ತಾರೆ. ಎಲ್ಲಿಂದಲೋ ಬಂದ ಹಳಿ ಲೋಂಡಾದ ಬೇಲಿಯಲ್ಲಿ ನಿಂತಿರಬಹುದು. ವರ್ಷ ಬರೆದುಕೊಳ್ಳಿ, ತೀರ್ಮಾನ ಬೇಡ.

ಪ್ಲಾಟ್‌ಫಾರ್ಮಿನ ಅಂಚೂ ಮಾತಾಡುತ್ತದೆ. ಈಗಿನ ಎತ್ತರದ ಪ್ಲಾಟ್‌ಫಾರ್ಮು ಹಳಿಯ ಮಟ್ಟದಿಂದ 760ರಿಂದ 840 ಮಿ.ಮೀ. ಮೀಟರ್‌ಗೇಜಿನ ಕಾಲದ ಪ್ಲಾಟ್‌ಫಾರ್ಮುಗಳು ಇದರ ಅರ್ಧ ಎತ್ತರಕ್ಕೇ ನಿಲ್ಲುತ್ತಿದ್ದವು. ಆದ್ದರಿಂದ ಎತ್ತರಿಸಿದ ಕಡೆ ಕೆಳಗೆ ಕೆತ್ತಿದ ಕಲ್ಲಿನ ವರಸೆ, ಮೇಲೆ ಸಿಮೆಂಟಿನ ವರಸೆ ಬೇರೆಬೇರೆಯಾಗಿ ಕಾಣುತ್ತವೆ. ಹಳೆಯ ಕಟ್ಟಡದ ಬಾಗಿಲಿನ ಮೆಟ್ಟಿಲು ನೆಲದಲ್ಲಿ ಹೂತುಹೋದಂತಿದ್ದರೂ ಅದೇ ಕಾರಣ. ಅಳೆಯುವಾಗ ಎದುರಿನ ಪ್ಲಾಟ್‌ಫಾರ್ಮಿನ ಗೋಡೆಯನ್ನು ಕಣ್ಣಳತೆಯಲ್ಲಿ ನೋಡಿ, ಅಂಚಿಗೆ ಬಾಗಬೇಡಿ. ಹಳಿಜೋಡಿಯ ನಡುಗೆರೆಯಿಂದ ಪ್ಲಾಟ್‌ಫಾರ್ಮಿನ ಅಂಚಿಗಿರುವ ದೂರ ಬರೀ 1,670–1,680 ಮಿ.ಮೀ. ಬೋಗಿಯ ಮೈ ಅಂಚನ್ನು ಸವರಿಕೊಂಡೇ ಹೋಗುತ್ತದೆ.

ಎರಡನೇ ದಿನ: ತಿನೈಘಾಟ್, ಕ್ಯಾಸಲ್‌ರಾಕ್

ಲೋಂಡಾದಿಂದ ಕ್ಯಾಸಲ್‌ರಾಕ್ ಇಪ್ಪತ್ತೈದು ಕಿ.ಮೀ. ಒಳಗೆ. ನಡುವೆ ತಿನೈಘಾಟ್. ಕ್ಯಾಸಲ್‌ರಾಕ್ ಉತ್ತರ ಕನ್ನಡ ಜಿಲ್ಲೆಗೆ ಸೇರಿದರೂ ಲೋಂಡಾದ ಕತೆ ಅದಿಲ್ಲದೆ ಅರ್ಧ. ಹಗಲಿನ ಗಾಡಿಗಳು ಕಡಿಮೆ, ವೇಳೆ ಆಗಾಗ ಬದಲಾಗುತ್ತದೆ. ಹಿಂದಿನ ಸಂಜೆಯೇ ಲೋಂಡಾದ ವಿಚಾರಣೆ ಕಿಟಕಿಯಲ್ಲಿ ಹೋಗುವ ಗಾಡಿ, ಬರುವ ಗಾಡಿ ಎರಡನ್ನೂ ಕೇಳಿಟ್ಟುಕೊಳ್ಳಿ. ಬರುವ ಗಾಡಿ ಗೊತ್ತಿಲ್ಲದೆ ಹೋದರೆ ರಾತ್ರಿ ಅಲ್ಲೇ. ಬುತ್ತಿ ಕಟ್ಟಿಕೊಂಡೇ ಹೋಗಿ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಹೋಟೆಲುಗಳ ಸಾಲು ನಿರೀಕ್ಷಿಸಬೇಡಿ.

ಇಲ್ಲಿಂದ ಗೋವಾದ ಕುಳೆಂವರೆಗೆ 26 ಕಿ.ಮೀ. ಬ್ರಗಾಂಝಾ ಘಾಟು. ಅತಿ ಕಡಿದಾದ ಕಡೆ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕಾಲ್ನಡಿಗೆಯವರಿಗೆ ಇದು ಏರೇ ಅಲ್ಲ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಇದು ಗೋಡೆ. ಲೆಕ್ಕ ಸುಲಭ: ಗಾಡಿಯ ತೂಕವನ್ನು 37ರಿಂದ ಭಾಗಿಸಿ, ಉರುಳುವ ತಡೆಗೆಂದು ಸಾವಿರ ಟನ್ನಿಗೆ ಎರಡು ಮೂರು ಟನ್ ಸೇರಿಸಿ. ಸಾವಿರ ಟನ್ನಿನ ಗೂಡ್ಸಿಗೆ 27 ಮತ್ತು 3, ಒಟ್ಟು 30 ಟನ್ ಎಳೆತ ಬೇಕು. ವೈಜಿ ಉಗಿ ಎಂಜಿನ್ನಿನ ಎಳೆತ ಸುಮಾರು 10 ಟನ್. ಮೂರು ಎಂಜಿನ್ನು ಹಚ್ಚಿದರೂ ಬೆವರು. ಈಗ ಮುರ್ಮಗೋವಾದಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ ಕಲ್ಲಿದ್ದಲು ಏರುತ್ತದೆ. 58 ವ್ಯಾಗನ್ನಿನ ಪೂರ್ಣ ಗಾಡಿ 4,700 ಟನ್ ದಾಟುತ್ತದೆ. ಅದಕ್ಕೆ 140 ಟನ್ನಿನಷ್ಟು ಎಳೆತ ಬೇಕಾದ್ದರಿಂದ ಹೆಚ್ಚುವರಿ ಎಂಜಿನ್ನಿಲ್ಲದೆ ಸಾಗದು.

ಎಲ್ಲ ಎಂಜಿನ್ನುಗಳನ್ನೂ ಮುಂದೆಯೇ ಯಾಕೆ ಕಟ್ಟುವುದಿಲ್ಲ? ಕಟ್ಟಿದರೆ ಇಡೀ ಗಾಡಿಯ ಭಾರ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ಹರಿದರೆ ಹಿಂದಿನ ಭಾಗ ಇಳಿಜಾರಿನಲ್ಲಿ ವಾಪಸು ಜಾರುತ್ತದೆ. ಅದಕ್ಕೇ ಕೆಲವು ಎಂಜಿನ್ನು ಹಿಂದಿನಿಂದ ದೂಡುತ್ತವೆ, ರೈಲ್ವೆ ಭಾಷೆಯಲ್ಲಿ 'ಬ್ಯಾಂಕರ್'. ಮುಂದಿನವನೂ ಹಿಂದಿನವನೂ ಒಂದೇ ಹದದಲ್ಲಿ ಶಕ್ತಿ ಕೊಡಬೇಕು. ಹಿಂದಿನವನು ಅವಸರ ಮಾಡಿದರೆ ತಿರುವಿನಲ್ಲಿ ನಡುವಿನ ಖಾಲಿ ಅಥವಾ ಹಗುರ ವ್ಯಾಗನ್ನು ಹಿಂಡಿಸಿಕೊಂಡು ಹಳಿ ತಪ್ಪುತ್ತದೆ. ಮಳೆಯಲ್ಲಿ ಇನ್ನೊಂದು ಕಾಟ: ಒದ್ದೆ ಹಳಿ, ಅದರ ಮೇಲೆ ಕೊಳೆತ ಎಲೆಯ ಜಿಡ್ಡು. ಚಕ್ರ ಇದ್ದಲ್ಲೇ ತಿರುಗತೊಡಗುತ್ತದೆ. ಆಗ ಚಕ್ರದ ಮುಂದೆ ಮರಳು ಉದುರಿಸುತ್ತಾರೆ. ಮರಳು ಒಣಗಿರಬೇಕು, ಜರಡಿ ಹಿಡಿದಿರಬೇಕು. ತೇವವಾದ ಮರಳು ಕೊಳವೆಯಲ್ಲೇ ಗಂಟು ಕಟ್ಟಿಕೊಂಡರೆ ಬೇಕಾದ ಹೊತ್ತಿಗೆ ಬೀಳುವುದಿಲ್ಲ.

ಇಳಿಯುವುದು ಏರುವುದಕ್ಕಿಂತ ಭಯದ ಕೆಲಸ. ಬ್ರೇಕು ಹಿಡಿದೇ ಇದ್ದರೆ ಚಕ್ರ ಮತ್ತು ಅದನ್ನು ಒತ್ತುವ ಬ್ರೇಕಿನ ಬ್ಲಾಕು ಕಾದು ಹಿಡಿತ ಸಡಿಲವಾಗುತ್ತದೆ. ಬಿಟ್ಟು ಬಿಟ್ಟು ಹಿಡಿದರೆ ಪೈಪಿನಲ್ಲಿ ಒತ್ತಡ ಮರಳಿ ತುಂಬಲು ಹೊತ್ತು ಸಿಗುವುದಿಲ್ಲ. ಹಾಗಾಗಿ ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗ. ಕಾರಂಜೋಳ, ದೂಧಸಾಗರ, ಸೋನಾವಳಿ ಈ ದಾರಿಯ ಸ್ಟೇಷನ್ನುಗಳು. ಇಂಥ ಘಟ್ಟದಲ್ಲಿ 'ಕ್ಯಾಚ್ ಸೈಡಿಂಗ್' ಇರುತ್ತದೆ. ಮುಖ್ಯ ಹಾದಿಯಿಂದ ಒಡೆದು ಗುಡ್ಡದ ಕಡೆಗೆ ಏರುವ ಮೊಂಡು ಹಳಿ ಅದು. ಪಾಯಿಂಟನ್ನು, ಅಂದರೆ ಗಾಡಿ ಯಾವ ಹಳಿ ಹಿಡಿಯಬೇಕೆಂದು ತಿರುಗಿಸುವ ಕೀಲನ್ನು, ಯಾವಾಗಲೂ ಆ ಮೊಂಡು ಹಳಿಯ ಕಡೆಗೇ ಇಟ್ಟಿರುತ್ತಾರೆ. ಇಳಿದು ಬಂದ ಗಾಡಿ ಮೊದಲು ಪೂರ್ತಿ ನಿಲ್ಲಬೇಕು, ನಿಂತಿತೆಂದು ಖಾತ್ರಿಯಾದ ಮೇಲಷ್ಟೇ ಪಾಯಿಂಟು ಮುಖ್ಯ ಹಾದಿಗೆ ತಿರುಗುತ್ತದೆ. ನಿಲ್ಲಲಾರದೆ ಬಂದ ಗಾಡಿ ತಾನಾಗಿ ಮೊಂಡು ಹಳಿಗೆ ಹೋಗಿ, ಏರು ಹತ್ತಿ ಸುಸ್ತಾಗಿ ನಿಲ್ಲುತ್ತದೆ. ಏನೂ ಮಾಡದಿದ್ದರೂ ಸುರಕ್ಷಿತವಾಗಿರುವ ಈ ಏರ್ಪಾಟನ್ನು ಯೋಚಿಸಿದವರ ತಲೆ ದೊಡ್ಡದು.

ಕ್ಯಾಸಲ್‌ರಾಕ್ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ನೆನಪಿಡಬೇಕಾದದ್ದು, 1961ರ ಡಿಸೆಂಬರಿನವರೆಗೆ ಇದು ಗಡಿ. ಇಲ್ಲಿ ಇತ್ತ ಕಡೆಯ ಸುಂಕದವರು ಗಂಟುಮೂಟೆ ಬಿಚ್ಚಿಸುತ್ತಿದ್ದರು, ಅತ್ತ ಕುಳೆಂನಲ್ಲಿ ಪೋರ್ಚುಗೀಸರು. 1955ರಲ್ಲಿ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿದಾಗ ಗಾಡಿಗಳು ನಿಂತವು. ಬಂದರಿಗಾಗಿ ಹಾಕಿದ ಹಾದಿಯ ತುದಿಯಲ್ಲಿ ಬಂದರೇ ಇಲ್ಲದಂತಾಯಿತು. ಗೋವಾ ವಿಮೋಚನೆಯ ನಂತರವೇ ಹಾದಿ ಮತ್ತೆ ಕೂಡಿತು. ಆಮೇಲಿನ ದಶಕಗಳಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ಇಳಿಯಿತು, ಈಗ ಕಲ್ಲಿದ್ದಲು ಏರುತ್ತಿದೆ. ಈ ಘಟ್ಟದಲ್ಲಿ ಎರಡನೇ ಹಳಿಜೋಡಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಪಡಿಸಿತು. ಹಳಿ ಮೇಲೆ ಕಾಡುಕೋಣ ಬರುವ ಜಾಗದಲ್ಲಿ ಅದು ಸರಿಯಾದ ತೀರ್ಪೆಂದೇ ನಮ್ಮ ಅಭಿಪ್ರಾಯ.

ದೂಧಸಾಗರ ಜಲಪಾತಕ್ಕೆ ಹಳಿ ಹಿಡಿದು ನಡೆದು ಹೋಗುವ ಹುಚ್ಚು ಬೇಡ. ರೈಲ್ವೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆ, ಸುರಂಗದಲ್ಲಿ ಪಕ್ಕಕ್ಕೆ ಸರಿಯಲು ಜಾಗ ಎಲ್ಲ ಕಡೆ ಇಲ್ಲ. ಮುಂದಕ್ಕೆ ಹೋಗುವ ಗಾಡಿಯ ಕಿಟಕಿಯಿಂದಲೇ ನೋಡಿ, ಸಂಜೆ ಗಾಡಿಯಲ್ಲಿ ಲೋಂಡಾಕ್ಕೆ ಮರಳಿ.

ರಾತ್ರಿ ಊಟದ ಹೊತ್ತಿಗೆ ನಿವೃತ್ತ ರೈಲ್ವೆ ನೌಕರರು ಸಿಕ್ಕರೆ ಟೋಕನ್ನಿನ, ಅಂದರೆ ಒಂಟಿ ಹಾದಿಯಲ್ಲಿ ಗಾಡಿ ಹೊರಡಲು ಡ್ರೈವರಿಗೆ ಕೊಡುತ್ತಿದ್ದ ಅಪ್ಪಣೆಯ ಗುರುತಿನ, ಮಾತು ತೆಗೆಯಿರಿ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಲಸಿದ ಮಾತಿನಲ್ಲಿ ಗಂಟೆಗಟ್ಟಲೆ ಹೇಳುತ್ತಾರೆ. ಒಂಟಿ ಹಳಿಜೋಡಿಯ ಕಾಲದಲ್ಲಿ ದಕ್ಷಿಣದ ಬಹಳ ಕಡೆ ಇದ್ದದ್ದು ನೀಲ್ಸ್ ಬಾಲ್ ಟೋಕನ್ ಯಂತ್ರ. ಅಕ್ಕಪಕ್ಕದ ಎರಡು ಸ್ಟೇಷನ್ನಿಗೆ ಒಂದೊಂದು ಯಂತ್ರ, ಎರಡಕ್ಕೂ ತಂತಿ. ಈ ಕಡೆಯ ಮಾಸ್ತರರು ಗಂಟೆ ಬಾರಿಸಿ ಕೇಳುತ್ತಾರೆ. ಆ ಕಡೆಯವರು ತಮ್ಮ ಹಿಡಿಕೆಯನ್ನು 'ಗಾಡಿ ಬರುತ್ತಿದೆ' ಎಂಬಲ್ಲಿಗೆ ತಿರುಗಿಸಿದರೆ ಮಾತ್ರ ಇಲ್ಲಿ 'ಗಾಡಿ ಹೋಗುತ್ತಿದೆ' ಎಂಬಲ್ಲಿಗೆ ತಿರುಗುತ್ತದೆ, ಒಂದು ಉಕ್ಕಿನ ಗುಂಡು ಹೊರಬೀಳುತ್ತದೆ. ಗುಂಡಿನ ಮೇಲೆ ಎರಡೂ ಸ್ಟೇಷನ್ನಿನ ಹೆಸರು. ಅದನ್ನು ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲಕ್ಕೆ ಹಾಕಿ ಡ್ರೈವರಿಗೆ ಕೊಡಬೇಕು. ಗುಂಡು ಮುಂದಿನ ಸ್ಟೇಷನ್ನಿನ ಯಂತ್ರದ ಹೊಟ್ಟೆ ಸೇರುವವರೆಗೆ ಎರಡನೇ ಗುಂಡು ಯಾವ ಕಡೆಯೂ ಹೊರಬರುವುದಿಲ್ಲ. ನಿಲ್ಲದ ಗಾಡಿಗೆ ಓಡುವಾಗಲೇ ಬಳೆ ಎತ್ತಿ ಹಿಡಿಯಬೇಕು. ಕೈ ತಪ್ಪಿತೋ, ಗಾಡಿ ನಿಲ್ಲಿಸಿ ಮುಳ್ಳುಕಂಟಿಯಲ್ಲಿ ಗುಂಡು ಹುಡುಕಬೇಕು. ರಾತ್ರಿ ಮಳೆಯಲ್ಲಿ ಒಂದು ಗುಂಡು ಕಳೆದರೆ ಇಡೀ ಹಾದಿಯ ವೇಳಾಪಟ್ಟಿ ಕೆಟ್ಟಂತೆ.

ಮೂರನೇ ದಿನ: ಗುಂಜಿ, ಖಾನಾಪುರ, ಬೆಳಗಾವಿ

ಬೆಳಗಾವಿ ಕಡೆಯ ಟೊಂಗೆಯಲ್ಲಿ ಮೊದಲು ಗುಂಜಿ, ಆಮೇಲೆ ಖಾನಾಪುರ, ಇದಲಹೊಂಡ, ದೇಸೂರು. ನಿಲ್ಲಿಸುತ್ತ ಹೋಗುವ ಪ್ಯಾಸೆಂಜರ್ ಗಾಡಿಯೇ ಒಳ್ಳೆಯದು. ಖಾನಾಪುರದಲ್ಲಿ ಇಳಿದು ಮುಂದಿನ ಗಾಡಿಯವರೆಗೆ ಹೊತ್ತು ಕಳೆಯಬಹುದು. ಹಂಚು ಮತ್ತು ಮಣ್ಣಿನ ಪಾತ್ರೆಗೆ ಈ ಊರಿನ ಜೇಡಿ ಹೆಸರಾದದ್ದು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆ ಇಲ್ಲಿದೆ.

ಇಲ್ಲಿ ಹಾದಿ ಮಲಪ್ರಭೆಯನ್ನು ದಾಟುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇನ್ನೂ ಎಳೆಯದು, ಆದರೆ ಮಳೆಗಾಲದಲ್ಲಿ ರಭಸ ಹೆಚ್ಚು. ರೈಲು ಸೇತುವೆಯನ್ನು ಓದುವ ಕ್ರಮವಿದೆ. ತುದಿಯ ಗೋಡೆಯ ಮೇಲೆ ಸೇತುವೆಯ ಸಂಖ್ಯೆ, ಎಷ್ಟು ಕಣ್ಣು (ಕಂಬಗಳ ನಡುವಿನ ತೆರಪು), ಪ್ರತಿ ಕಣ್ಣು ಎಷ್ಟು ಮೀಟರ್, ನೀರು ಹರಿಯುವ ದಿಕ್ಕಿನ ಬಾಣ ಇರುತ್ತವೆ. ಕಂಬದ ಮೇಲೆ ಅಪಾಯದ ಮಟ್ಟದ ಗೆರೆ, ಅತಿ ಹೆಚ್ಚು ನೆರೆ ಬಂದ ಮಟ್ಟ ಮತ್ತು ವರ್ಷ. ಮಳೆಗಾಲದಲ್ಲಿ ಗಸ್ತಿನವರು ಈ ಗೆರೆ ನೋಡಿಯೇ ಗಾಡಿ ಬಿಡಬೇಕೋ ತಡೆಯಬೇಕೋ ಎಂದು ತಿಳಿಸುವುದು. ನೀರು ಗೆರೆ ಮುಟ್ಟುವುದಕ್ಕಿಂತ ಕಂಬದ ಬುಡದ ಮಣ್ಣು ಕೊರೆದುಹೋಗುವುದು ಹೆಚ್ಚಿನ ಗಂಡಾಂತರ. ಅದು ಮೇಲಿನಿಂದ ಕಾಣಿಸುವುದಿಲ್ಲ.

ಗೇಜು ಬದಲಾದದ್ದನ್ನು ಓದಲೂ ಈ ಟೊಂಗೆಯೇ ಸರಿಯಾದ ಜಾಗ. ಇಲ್ಲಿ ಬ್ರಾಡ್‌ಗೇಜು ಬಂದದ್ದು 1990ರ ದಶಕದಲ್ಲಿ. 1,000 ಮಿ.ಮೀ. ಇದ್ದದ್ದನ್ನು 1,676 ಮಾಡುವುದೆಂದರೆ ಹಳಿಯನ್ನು ಆಚೀಚೆ 338 ಮಿ.ಮೀ. ಸರಿಸಿದರಾಯಿತು ಎಂದು ಕಾಗದದ ಮೇಲೆ ಕಾಣುತ್ತದೆ. ನೆಲದ ಮೇಲೆ ಹಾಗಲ್ಲ. ಹಳಿ ಹೊರುವ ಮಣ್ಣಿನ ದಿಬ್ಬವೇ ಏರಿ; ಮೀಟರ್‌ಗೇಜಿನ ಏರಿಯ ತಲೆಯ ಅಗಲ 5.85 ಮೀಟರ್, ಬ್ರಾಡ್‌ಗೇಜಿಗೆ ಆಗ ಕನಿಷ್ಠ 6.85. ಆದ್ದರಿಂದ ಗಾಡಿ ಓಡುತ್ತಿರುವಾಗಲೇ ಮೊದಲು ಏರಿ ಅಗಲಿಸಬೇಕು. ಹಳೆಯ ಏರಿಯ ಇಳಿಜಾರಿನ ಹುಲ್ಲು ಕೆತ್ತಿ, ಒಂದಡಿ ಎತ್ತರದ ಮೆಟ್ಟಿಲು ಕಡಿದು, ಅದರ ಮೇಲೆ ಹೊಸ ಮಣ್ಣು ಪದರು ಪದರಾಗಿ ಹಾಕಿ ರೋಲರಿನಿಂದ ಅದುಮಬೇಕು. ಮೆಟ್ಟಿಲು ಕಡಿಯದೆ ಸುರಿದರೆ ಹೊಸ ಮಣ್ಣು ಹಳೆಯದಕ್ಕೆ ಕಚ್ಚುವುದಿಲ್ಲ. ಮೊದಲ ಮಳೆಗೆ ಹಳಿಯ ಉದ್ದಕ್ಕೂ ಬಿರುಕು ಬಿಟ್ಟು, ಅದರೊಳಗೆ ನೀರು ಇಳಿದು, ಹೊಸ ಭಾಗ ಪೂರ್ತಿ ಕುಸಿಯುತ್ತದೆ. ಏರಿ ಮುಗಿದ ಮೇಲೆ ಸೇತುವೆಗಳ ತೊಲೆ ಬದಲು, ಹಳಿ ಪಕ್ಕದಲ್ಲಿ ಕಾಂಕ್ರೀಟ್ ಸ್ಲೀಪರುಗಳ ರಾಶಿ. ಪ್ರತಿಯೊಂದೂ 2.75 ಮೀಟರ್ ಉದ್ದ, ಕಾಲು ಟನ್ನಿಗೂ ಮೇಲೆ ತೂಕ. ಆಮೇಲೆ ಗಾಡಿ ನಿಲ್ಲಿಸಿ ಹಳೆಯದನ್ನು ಕಿತ್ತು, ಹೊಸದನ್ನು ಹಾಸಿ, ಖಡಿ ತುಂಬಿ, ಬೆಸುಗೆ ಹಾಕಿ, ಸುರಕ್ಷತಾ ಆಯುಕ್ತರ ತಪಾಸಣೆ. ಆಮೇಲೂ ಮೊದಲ ಮಳೆಗಾಲ ಕಳೆಯುವವರೆಗೆ ವೇಗ ಕಡಿಮೆಯೇ.

ಕಿಟಕಿಯಿಂದ ಇದರ ಗುರುತು ಸಿಗುತ್ತದೆ. ತಿರುವನ್ನು ಸಡಿಲಿಸಿದ ಕಡೆ ಈಗಿನ ಹಾದಿಯ ಪಕ್ಕ ಸಣ್ಣ ಏರಿಯೊಂದು ದೂರ ಸರಿದು ಮತ್ತೆ ಬಂದು ಕೂಡುತ್ತದೆ. ಅದರ ಮೇಲೆ ಮರ ಬೆಳೆದಿದ್ದರೂ ಮಟ್ಟ ನೆಟ್ಟಗಿರುತ್ತದೆ. ಹೊಲದ ಬದುವಿಗೆ ಅಷ್ಟು ನೇರ ಇರದು. ವಿದ್ಯುತ್ ಕಂಬಗಳ ಮೇಲೆ ಕಿ.ಮೀ. ಮತ್ತು ಕಂಬದ ಸಂಖ್ಯೆ ಬರೆದಿರುತ್ತದೆ. ಏನಾದರೂ ಕಂಡರೆ ಅದನ್ನು ಗುರುತು ಹಾಕಿಕೊಂಡರೆ ನಕ್ಷೆಯಲ್ಲಿ ಹುಡುಕಲು ಸುಲಭ. ಆ ತಂತಿಯಲ್ಲಿ 25 ಸಾವಿರ ವೋಲ್ಟ್. ಪಾದಚಾರಿ ಸೇತುವೆಯ ಮೇಲೆ ನಿಂತು ಕೋಲಿಗೆ ಮೊಬೈಲ್ ಕಟ್ಟಿ ಚಾಚುವವರನ್ನು ಕಂಡರೆ ಗದರಿಸಿ. ತಂತಿ ಮುಟ್ಟಬೇಕಿಲ್ಲ, ಹತ್ತಿರ ಹೋದರೂ ಸಾಕು.

ದೇಸೂರು ದಾಟಿದರೆ ಟಿಳಕವಾಡಿಯ ಗೇಟುಗಳು. ಮೂರನೇ ಗೇಟು, ಎರಡನೇ ಗೇಟು, ಮೊದಲನೇ ಗೇಟು ಎಂದು ಎಣಿಸುತ್ತ ಬೆಳಗಾವಿ ಸೇರುವುದು ಈ ಕಡೆಯಿಂದ ಬರುವವರ ರೂಢಿ. ಊರಿನವರು ವಿಳಾಸ ಹೇಳುವುದೂ ಗೇಟಿನ ಲೆಕ್ಕದಲ್ಲೇ. ಹತ್ತಿರದಲ್ಲೇ 1924ರ ಕಾಂಗ್ರೆಸ್ ಅಧಿವೇಶನದ ಬಾವಿ ಇದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು, ಮಂದಿ ಬಂದದ್ದು ಇದೇ ಹಳಿಯ ಮೇಲೆ. ಅದಕ್ಕೂ ಮೊದಲು, 1892ರ ಅಕ್ಟೋಬರಿನಲ್ಲಿ, ವಿವೇಕಾನಂದರು ಬೆಳಗಾವಿಯಲ್ಲಿ ಕೆಲವು ದಿನ ತಂಗಿ ಗೋವಾಕ್ಕೆ ಹೊರಟಾಗ ಅವರಿಗೆ ಟಿಕೆಟ್ ತೆಗೆದು ಗಾಡಿ ಹತ್ತಿಸಿದವರು ಅರಣ್ಯಾಧಿಕಾರಿ ಹರಿಪದ ಮಿತ್ರ. ಬೆಳಗಾವಿಯಿಂದ ಗೋವಾಕ್ಕೆ ಆಗ ಇದ್ದ ಒಂದೇ ರೈಲು ದಾರಿ ಲೋಂಡಾ, ಕ್ಯಾಸಲ್‌ರಾಕ್ ಮೇಲಿನದು. ಹಾದಿ ತೆರೆದು ನಾಲ್ಕೇ ವರ್ಷವಾಗಿತ್ತು.

ಬೆಳಗಾವಿಯವರಿಗೆ ಗೇಜಿನ ಕಷ್ಟ ಬೇರೆ ರೂಪದಲ್ಲಿ ಬಂತು. ಪುಣೆ–ಮಿರಜ್ ಹಾದಿ 1971ರ ಹೊತ್ತಿಗೆ ಬ್ರಾಡ್‌ಗೇಜಾಯಿತು. ಮಿರಜ್‌ನಿಂದ ಈಚೆ ಮೀಟರ್‌ಗೇಜು ಉಳಿಯಿತು. ಎರಡು ದಶಕಕ್ಕೂ ಮೇಲೆ ಮುಂಬಯಿಗೆ ಹೋಗುವವರು ಮಿರಜ್‌ನಲ್ಲಿ ಇಳಿದು, ಟ್ರಂಕು ಹೊತ್ತು, ಆ ಕಡೆಯ ಪ್ಲಾಟ್‌ಫಾರ್ಮಿಗೆ ಓಡಬೇಕಾಯಿತು. ಹೊಟಗಿಯಲ್ಲಿ ಕಾಳಿನ ಚೀಲ ಪಟ್ಟ ಪಾಡೇ ಇದು. ಇಂದಿನ ಬೆಳಗಾವಿ ಸ್ಟೇಷನ್ನಿನ ಹೊಸ ಕಟ್ಟಡವೂ, ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿಹಳಿಯೂ 2023ರ ಫೆಬ್ರವರಿಯಲ್ಲಿ ಒಟ್ಟಿಗೆ ಲೋಕಾರ್ಪಣೆಯಾದವು. ಕಟ್ಟಡದಲ್ಲಿ ಹಳೆಯ ಕಾಲದ ಗುರುತು ಹುಡುಕುವವರಿಗೆ ನಿರಾಸೆಯೇ. ಅದಕ್ಕಿಂತ ಕುಂದಾ ಕಟ್ಟಿಸಿಕೊಳ್ಳಲು ಪೇಟೆಗೆ ಹೋಗುವುದು ಲೇಸು.

ಈ ನಡುವೆ ಬೆಳಗಾವಿಯ ಸುರೇಶ ಅಂಗಡಿ ರೈಲ್ವೆ ರಾಜ್ಯ ಸಚಿವರಾಗಿದ್ದ ಕಾಲದಲ್ಲಿ, 2020ರಲ್ಲಿ, ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ನೇರ ಹಾದಿಗೆ ಮಂಜೂರಾತಿ ಸಿಕ್ಕಿತು. ಉದ್ದ 73 ಕಿ.ಮೀ. ಅದು ಓಡತೊಡಗಿದರೆ 48 ಕಿ.ಮೀ. ಉಳಿಯುತ್ತದೆ, ಬೆಂಗಳೂರಿನ ರಾತ್ರಿ ಗಾಡಿಗಳಿಗೆ ಲೋಂಡಾಕ್ಕೆ ಬರುವ ಕೆಲಸವಿರುವುದಿಲ್ಲ. ಉಳಿಯುವುದು ಗೋವಾದ ಗಾಡಿಗಳು ಮತ್ತು ಕಲ್ಲಿದ್ದಲು. ಅಂದರೆ ಕಂಪನಿ ಮೊದಲು ಹಾಕಿದ ಕಾಂಡ.

ವಾಪಸು ಧಾರವಾಡಕ್ಕೆ ಹೊರಡುವಾಗ ಬೆಳಗಾವಿಯ ಕೌಂಟರಿನಲ್ಲಿ ಸಾದಾ ಟಿಕೆಟ್ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಬೇಡ. ಅಚ್ಚಾದ ಚೀಟಿಯ ಮೇಲೆ ದೂರ ಎಷ್ಟು, ಯಾವ ಮಾರ್ಗ ಎಂಬುದು ಸಣ್ಣಕ್ಷರದಲ್ಲಿರುತ್ತದೆ. ಲೋಂಡಾದ ಸಂಕೇತಾಕ್ಷರ ಎಲ್‌ಡಿ. ದರ ಲೆಕ್ಕ ಹಾಕುವುದು ಸುತ್ತಿದ ದಾರಿಗೇ. ಅಚ್ಚು ಬೇಗ ಮಾಸುವ ಕಾಗದ ಅದು, ಇಟ್ಟುಕೊಳ್ಳುವುದಾದರೆ ಅಂದೇ ಒಂದು ಫೋಟೊ ತೆಗೆದಿಡಿ.